ವರ್ತಕರ ಇಂಗ್ಲಿಷ್ ನುಡಿಗಟ್ಟು: ಅರ್ಥವೂ ಹೊಣೆಯೂ

ಇಂದಿನ ವ್ಯಾಪಾರ ಹಾಗೂ ಕೈಗಾರಿಕೆಗಳ ವ್ಯವಹಾರದಲ್ಲಿ ಇಂಗ್ಲಿಷ್ ಭಾಷೆಯ ಬಳಕೆ ಅನಿವಾರ್ಯವಾಗಿರುವುದು ಸರ್ವವಿದಿತ. ಎರಕದ ಬಿಡಿಭಾಗಗಳನ್ನು ಪುಣೆಗೆ ಪೂರೈಸುವ ಬೆಳಗಾವಿಯ ಫೌಂಡ್ರಿ ಮಾಲೀಕರಾಗಲಿ, ಪೀಣ್ಯದ ಸಣ್ಣ ವರ್ಕ್‌ಶಾಪ್ ನಡೆಸುವವರಾಗಲಿ, ಬ್ಯಾಡಗಿಯ ಮೆಣಸಿನಕಾಯಿಯನ್ನು ಹೊರರಾಜ್ಯಗಳಿಗೆ ಕಳುಹಿಸುವ ವರ್ತಕರಾಗಲಿ, ದಿನಕ್ಕೆ ಹಲವು ಸಲ ಇಂಗ್ಲಿಷಿನಲ್ಲಿ ಮಾತನಾಡಬೇಕು, ಬರೆಯಬೇಕು. ಈ ಅಗತ್ಯವನ್ನು ಕಂಡೇ ಊರೂರಿನಲ್ಲಿ ‘ಸ್ಪೋಕನ್ ಇಂಗ್ಲಿಷ್’ ತರಗತಿಗಳು ನಡೆಯುತ್ತಿವೆ. ನಿತ್ಯ ಸಂಭಾಷಣೆಯ ನುಡಿಗಟ್ಟುಗಳನ್ನು ಕಲಿಸುವ ಪುಸ್ತಕಗಳೂ ವಿಡಿಯೋಗಳೂ ಹೇರಳವಾಗಿವೆ. ಅವುಗಳಿಂದ ‘ಪೀಸ್ ಆಫ್ ಕೇಕ್’, ‘ಬ್ರೇಕ್ ದ ಐಸ್’ ಮುಂತಾದುವನ್ನು ಕಲಿತವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ‘ಫುಲ್ ಅಂಡ್ ಫೈನಲ್’ ಎಂದು ಬರೆದುಕೊಟ್ಟರೆ ಏನಾಗುತ್ತದೆ ಎಂದು ಬಲ್ಲವರು ಕಡಿಮೆ. ವರ್ತಕರು ಯಾವ ನುಡಿಗಟ್ಟುಗಳನ್ನು ಮೊದಲು ಕಲಿಯಬೇಕು, ಹೇಗೆ ಕಲಿಯಬೇಕು ಎಂಬ ಬಗ್ಗೆ ಕೆಲವು ವಿಚಾರಗಳನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಪರಭಾಷೆಯ ಮಾತನ್ನು ಕಲಿಯುವುದು ನಮ್ಮ ಪೇಟೆಗೆ ಹೊಸತೇನಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಎಂಬ ಪದಗಳೆಲ್ಲ ಅರಬ್ಬಿ, ಪಾರ್ಸಿ ಮೂಲದಿಂದ ಬಂದವು. ಶಾಲೆಯ ಮೆಟ್ಟಿಲು ಹತ್ತದ ವ್ಯಾಪಾರಿಯೂ ಅವುಗಳನ್ನು ತಪ್ಪಿಲ್ಲದೆ ಬಳಸಿದ್ದಾನೆ. ಆ ಪದದ ಹಿಂದೆ ಎಷ್ಟು ಹಣವಿದೆ, ಎಷ್ಟು ದಿನದ ವಾಯಿದೆಯಿದೆ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಲೆಕ್ಕದಲ್ಲಿ ‘ಬಾಕಿ’ ಎಂದು ಒಪ್ಪಿ ಬರೆದರೆ ಕೊಡಲೇಬೇಕು ಎಂದು ತಿಳಿದೇ ಬರೆಯುತ್ತಿದ್ದ. ಇಂಗ್ಲಿಷ್ ನುಡಿಗಟ್ಟುಗಳ ವಿಷಯದಲ್ಲಿ ಈ ಎಚ್ಚರ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಬಿಡಿ ಪದಗಳ ಅರ್ಥವನ್ನು ಕೂಡಿಸಿದಾಗ ನುಡಿಗಟ್ಟಿನ ಅರ್ಥ ದೊರೆಯುವುದಿಲ್ಲ. ಕನ್ನಡದಲ್ಲಿ ‘ಅವನು ಕೈ ಕೊಟ್ಟ’ ಎಂದರೆ ನಂಬಿಸಿ ಮೋಸ ಮಾಡಿದ ಎಂದರ್ಥ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಗೇವ್ ಅಸ್ ಎ ಹ್ಯಾಂಡ್’ ಎಂದರೆ ನಮಗೆ ನೆರವಾದ ಎಂದಾಗುತ್ತದೆ. ಇಂಗ್ಲಿಷಿನೊಳಗೂ ದೇಶದಿಂದ ದೇಶಕ್ಕೆ ವ್ಯತ್ಯಾಸವುಂಟು. ‘ಬಾಲ್‌ಪಾರ್ಕ್ ಫಿಗರ್’, ‘ಟಚ್ ಬೇಸ್’ ಎಂಬುವು ಅಮೆರಿಕದ ಬೇಸ್‌ಬಾಲ್ ಆಟದಿಂದ ಬಂದ ಮಾತುಗಳು. ಮೊದಲನೆಯದಕ್ಕೆ ಅಂದಾಜು ಮೊತ್ತ, ಎರಡನೆಯದಕ್ಕೆ ಒಮ್ಮೆ ಸಂಪರ್ಕಿಸುವುದು ಎಂದರ್ಥ. ‘ಸ್ಟಿಕಿ ವಿಕೆಟ್’ ಎಂಬುದು ಕ್ರಿಕೆಟ್ಟಿನ ಮಾತು. ಕ್ರಿಕೆಟ್ ಅರಿಯದ ಅಮೆರಿಕದ ಗ್ರಾಹಕನಿಗೆ ಅದು ತಿಳಿಯದೆ ಹೋಗಬಹುದು. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟಿಷರಿಗೆ ಚರ್ಚೆಗೆ ತೆಗೆದುಕೊಳ್ಳೋಣ ಎಂದರ್ಥ; ಅಮೆರಿಕನ್ನರಿಗೆ ಸದ್ಯಕ್ಕೆ ಬದಿಗಿಡೋಣ ಎಂದರ್ಥ. ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾದ ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’ ಎಂಬ ಪ್ರಯೋಗಗಳು ಭಾರತದೊಳಗೆ ಸಲೀಸಾಗಿ ನಡೆಯುತ್ತವೆ; ವಿದೇಶದ ಗ್ರಾಹಕರಿಗೆ ಬರೆಯುವಾಗ ಬಿಡುವುದೇ ಲೇಸು.

ಇಷ್ಟಕ್ಕೇ ಮುಗಿದಿದ್ದರೆ ತಪ್ಪು ತಿಳಿವಳಿಕೆಯನ್ನು ಇನ್ನೊಂದು ಫೋನಿನಲ್ಲಿ ಸರಿಪಡಿಸಿಕೊಳ್ಳಬಹುದಿತ್ತು. ಆದರೆ ಕೆಲವು ನುಡಿಗಟ್ಟುಗಳು ನೇರವಾಗಿ ಹಣಕ್ಕೆ ಕೈ ಹಾಕುತ್ತವೆ. ಪರಿಚಿತರೊಬ್ಬರಿಗೆ ಸಾಲದ ಮೇಲೆ ಸರಕು ಕೊಡಬೇಕೆಂದು ಸರಬರಾಜುದಾರರಿಗೆ ಫೋನ್ ಮಾಡಿ, ‘ಐ ವಿಲ್ ಸ್ಟ್ಯಾಂಡ್ ಗ್ಯಾರಂಟಿ’ ಎನ್ನುವವರು ನಮ್ಮಲ್ಲಿ ಅನೇಕರು. ಸ್ನೇಹಕ್ಕಾಗಿ ಆಡಿದ ಮಾತು ಎಂದು ಅವರು ಭಾವಿಸಬಹುದು. ಭಾರತೀಯ ಕರಾರು ಕಾಯಿದೆ, 1872ರ 126ನೇ ಪ್ರಕರಣದ ಪ್ರಕಾರ ಜಾಮೀನು ಬರವಣಿಗೆಯಲ್ಲಿಯೇ ಇರಬೇಕೆಂದಿಲ್ಲ, ಬಾಯಿಮಾತಿನದೂ ಆಗಬಹುದು. ಆ ವ್ಯಕ್ತಿ ಒಳ್ಳೆಯವನೆಂದು ಹೇಳುವುದಷ್ಟೇ ಉದ್ದೇಶವಾಗಿದ್ದರೆ ‘ನನಗೆ ಇಷ್ಟು ವರ್ಷಗಳಿಂದ ಪರಿಚಯ, ಹಣದ ನಿರ್ಧಾರ ನಿಮ್ಮದು’ ಎಂದು ಸರಳವಾಗಿ ಹೇಳಬೇಕು.

‘ಅಗ್ರೀಡ್ ಇನ್ ಪ್ರಿನ್ಸಿಪಲ್’ ಎಂಬ ಮಾತನ್ನು ನೋಡಿ. ತಾತ್ವಿಕವಾಗಿ ಒಪ್ಪಿದೆ, ವಿವರಗಳು ಬಾಕಿಯಿವೆ ಎಂಬುದು ಇದರ ಭಾವ. ಅದೇ ಕಾಯಿದೆಯ 7ನೇ ಪ್ರಕರಣವು ಒಪ್ಪಿಗೆಯು ಸಂಪೂರ್ಣವೂ ನಿಶ್ಶರ್ತವೂ ಆಗಿರತಕ್ಕದ್ದೆಂದು ಹೇಳುತ್ತದೆ. ಇಂತಹ ಉತ್ತರವನ್ನೇ ಖರೀದಿ ಆದೇಶವೆಂದು ತಿಳಿದು ಕಚ್ಚಾಮಾಲು ತರಿಸಿ ಯಂತ್ರ ಓಡಿಸಿದ ಸಣ್ಣ ಉತ್ಪಾದಕ, ಗ್ರಾಹಕರು ಹಿಂದೆ ಸರಿದರೆ ಯಾವ ಆಧಾರದ ಮೇಲೆ ಕೇಳುವುದು? ‘ಸಬ್ಜೆಕ್ಟ್ ಟು ಅಪ್ರೂವಲ್’ ಎಂಬ ಮಾತಿಗೂ ಇದೇ ಎಚ್ಚರ ಬೇಕು.

ಇನ್ನು ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’. ಐದು ಲಕ್ಷ ರೂಪಾಯಿ ಬರಬೇಕಾದಲ್ಲಿ ನಾಲ್ಕು ಲಕ್ಷದ ಚೆಕ್ಕಿನೊಂದಿಗೆ ಈ ನಾಲ್ಕು ಪದಗಳಿರುವ ಪತ್ರ ಬರುತ್ತದೆ ಎಂದುಕೊಳ್ಳೋಣ. ಕೈಗೆ ಬಂದಷ್ಟು ಬರಲಿ ಎಂದು ಚೆಕ್ಕನ್ನು ಜಮಾ ಮಾಡಿ ಸುಮ್ಮನಿದ್ದರೆ, ಉಳಿದ ಒಂದು ಲಕ್ಷವನ್ನು ನೀವೇ ಬಿಟ್ಟುಕೊಟ್ಟಿರಿ ಎಂದು ಎದುರು ಪಕ್ಷ ವಾದಿಸಲು ದಾರಿಯಾಗುತ್ತದೆ; ಸಾಲಗಾರ ಕೊಟ್ಟಿದ್ದನ್ನು ಪೂರ್ಣ ತೃಪ್ತಿಯೆಂದು ಒಪ್ಪಿಕೊಳ್ಳಲು 63ನೇ ಪ್ರಕರಣ ಅವಕಾಶ ಕೊಡುತ್ತದೆ. ಆದ್ದರಿಂದ ಒಪ್ಪಿಗೆ ಇಲ್ಲದಿದ್ದರೆ ಚೆಕ್ಕನ್ನು ಬ್ಯಾಂಕಿಗೆ ಹಾಕುವ ಮುನ್ನವೇ ‘ಇದು ಪಾರ್ಟ್ ಪೇಮೆಂಟ್ ಮಾತ್ರ, ಇಷ್ಟು ಬಾಕಿ ಉಳಿದಿದೆ’ ಎಂದು ಬರೆದು ತಿಳಿಸಬೇಕು.

ಕೆಲವು ನುಡಿಗಟ್ಟುಗಳು ನಮಗೆ ಅನುಕೂಲವನ್ನೂ ತರುತ್ತವೆ. ಸಾಲದ ಮೇಲೆ ಮಾರಿದ ಸರಕಿನ ಹಣಕ್ಕಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಆ ಅವಧಿ ಮುಗಿಯುವುದರೊಳಗೆ ಗ್ರಾಹಕರು ‘ಕೈಂಡ್ಲಿ ಬೇರ್ ವಿತ್ ಅಸ್, ವಿ ಶಲ್ ಕ್ಲಿಯರ್ ಯುವರ್ ಡ್ಯೂಸ್’ ಎಂದು ಸಹಿ ಮಾಡಿದ ಪತ್ರ ಕೊಟ್ಟರೆ, ಅದು ಕಾಲಪರಿಮಿತಿ ಕಾಯಿದೆ, 1963ರ 18ನೇ ಪ್ರಕರಣದ ಮೇರೆಗೆ ಸಾಲದ ಒಪ್ಪಿಗೆಯಾಗಿ, ಅಂದಿನಿಂದ ಹೊಸ ಅವಧಿ ಆರಂಭವಾಗಬಹುದು. ಬರಿಯ ಸೌಜನ್ಯದ ಪತ್ರವೆಂದು ಅದನ್ನು ಹರಿದೊಗೆಯುವುದು ತರವಲ್ಲ. ಲೆಕ್ಕಪರಿಶೋಧಕರು ವರ್ಷಾಂತ್ಯದಲ್ಲಿ ‘ಬ್ಯಾಲೆನ್ಸ್ ಕನ್ಫರ್ಮೇಶನ್’ ತರಿಸಿಕೊಳ್ಳಿ ಎಂದು ಒತ್ತಾಯಿಸುವುದರಲ್ಲಿಯೂ ಈ ಪ್ರಯೋಜನವಿದೆ.

ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರು ‘ನೆಟ್ ಸಿಕ್ಸ್ಟಿ’ ಎಂಬ ಮಾತನ್ನು ಖರೀದಿ ಆದೇಶದಲ್ಲಿ ಕಂಡಿರುತ್ತಾರೆ; ಅರುವತ್ತು ದಿನಗಳಲ್ಲಿ ಪೂರ್ಣ ಹಣ ಎಂದು ಇದರ ಅರ್ಥ. ಆದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೇ ಪ್ರಕರಣದಂತೆ, ಬರಹದಲ್ಲಿ ಒಪ್ಪಿಕೊಂಡಿದ್ದರೂ ಈ ಅವಧಿ ಸರಕನ್ನು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ಸಲ್ಲುತ್ತದೆ. ಸರಕಿನ ಬಗ್ಗೆ ಆಕ್ಷೇಪವಿದ್ದರೆ ಖರೀದಿದಾರರು 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ಫೋನಿನಲ್ಲಿ ಹೇಳಿದ ‘ದೇರ್ ಆರ್ ಸಮ್ ಇಶ್ಯೂಸ್, ವಿ ವಿಲ್ ಗೆಟ್ ಬ್ಯಾಕ್ ಟು ಯು’ ಎಂಬ ಮಾತು ಬರಹದ ಆಕ್ಷೇಪವಾಗದು.

ರಫ್ತು ವ್ಯವಹಾರದಲ್ಲಂತೂ ಅತಿ ಸಾಧಾರಣ ಪದಗಳಿಗೂ ಅಳತೆಯಿದೆ. ಲೆಟರ್ ಆಫ್ ಕ್ರೆಡಿಟ್‌ಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600 ಜುಲೈ 2007ರಿಂದ ಜಾರಿಯಲ್ಲಿದೆ. ಅದರಂತೆ ಪ್ರಮಾಣ, ಮೊತ್ತ ಅಥವಾ ದರದ ಹಿಂದೆ ‘ಅಬೌಟ್’ ಎಂದಿದ್ದರೆ ಶೇಕಡಾ 10ರಷ್ಟು ಹೆಚ್ಚು ಕಡಿಮೆ ನಡೆಯುತ್ತದೆ. ದಿನಾಂಕದ ಹಿಂದೆ ‘ಆನ್ ಆರ್ ಅಬೌಟ್’ ಎಂದಿದ್ದರೆ ಐದು ದಿನ ಮೊದಲು, ಐದು ದಿನ ಅನಂತರ ಎಂದರ್ಥ. ತಿಂಗಳ ‘ಬಿಗಿನಿಂಗ್’ ಎಂದರೆ 1ರಿಂದ 10, ‘ಮಿಡಲ್’ ಎಂದರೆ 11ರಿಂದ 20, ‘ಎಂಡ್’ ಎಂದರೆ 21ರಿಂದ ಕೊನೆಯ ದಿನ. ನಾವು ದಿನವೂ ಧಾರಾಳವಾಗಿ ಬಳಸುವ ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಎಂಬ ಮಾತನ್ನು ಬ್ಯಾಂಕು ಸಾಮಾನ್ಯವಾಗಿ ಗಣನೆಗೇ ತೆಗೆದುಕೊಳ್ಳುವುದಿಲ್ಲ! ದಿನಾಂಕ ಕೊಡದ ಅವಸರಕ್ಕೆ ಅಲ್ಲಿ ಬೆಲೆಯಿಲ್ಲ.

ನಮ್ಮ ವ್ಯವಹಾರವನ್ನು ಕನ್ನಡದಲ್ಲಿಯೇ ನಡೆಸಿದರಾಯಿತು, ಈ ತೊಡಕು ಏತಕ್ಕೆ ಎಂದು ಕೇಳುವವರಿದ್ದಾರೆ. ನಾಡಿನೊಳಗೆ ಹಾಗೆಯೇ ಆಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಕು ಗಡಿ ದಾಟಿದ ಮೇಲೆ ಕಾಗದವೂ ದಾಟಬೇಕಾಗುತ್ತದೆ. ಆಡಿಟರು, ವಕೀಲರು ಇದ್ದಾರಲ್ಲ ಎನ್ನುವವರೂ ಉಂಟು. ನಮ್ಮ ಬಳಿಗೆ ಕಡತ ಬರುವ ಹೊತ್ತಿಗೆ ಪತ್ರ ಹೋಗಿ ತಿಂಗಳುಗಳೇ ಕಳೆದಿರುತ್ತವೆ ಎಂಬುದು ವೃತ್ತಿಯಲ್ಲಿರುವ ಎಲ್ಲರ ಅನುಭವ. ಇನ್ನು ಮೊಬೈಲಿನಲ್ಲಿಯೇ ಪತ್ರ ಬರೆದುಕೊಡುವ ತಂತ್ರಾಂಶಗಳು ಬಂದಿವೆಯಲ್ಲ ಎಂಬುದು ಇತ್ತೀಚಿನ ಮಾತು. ಅವು ನಿರರ್ಗಳವಾಗಿ ಬರೆಯುತ್ತವೆ, ನಿಜ. ಸಹಿ ಹಾಕುವವರಿಗೆ ಗೊತ್ತಿಲ್ಲದ ನುಡಿಗಟ್ಟು ಪತ್ರದೊಳಗೆ ಸೇರಿಕೊಳ್ಳುವ ಅಪಾಯ ಆ ನಿರರ್ಗಳತೆಯಿಂದಲೇ ಹೆಚ್ಚಿದೆ. ಮಾತು ಯಾರದಾದರೂ ಸಹಿ ನಿಮ್ಮದು. ಅಲ್ಲದೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ನೀಡಿರುವುದರಿಂದ, ವಾಟ್ಸಾಪ್‌ನಲ್ಲಿ ಹರಟೆಯಂತೆ ಬರೆದದ್ದೂ ನಾಳೆ ದಾಖಲೆಯಾಗಿ ಎದುರು ನಿಲ್ಲಬಹುದು.

ಹಾಗಾದರೆ ಮಾಡಬೇಕಾದುದೇನು? ನೂರಾರು ನುಡಿಗಟ್ಟುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಿಮ್ಮದೇ ಕಡತದ ಒಂದು ವರ್ಷದ ಪತ್ರಗಳನ್ನೂ ಖರೀದಿ ಆದೇಶಗಳನ್ನೂ ತೆರೆದು ನೋಡಿ. ಮತ್ತೆ ಮತ್ತೆ ಬರುವ ಮಾತುಗಳು ಮೂವತ್ತು ನಲವತ್ತನ್ನು ಮೀರಲಾರವು. ಒಂದು ಪುಸ್ತಕದಲ್ಲಿ ಮೂರು ಅಂಕಣ ಹಾಕಿ ಮೊದಲನೆಯದರಲ್ಲಿ ನುಡಿಗಟ್ಟು, ಎರಡನೆಯದರಲ್ಲಿ ಅದರ ಕನ್ನಡ ಅರ್ಥ, ಮೂರನೆಯದರಲ್ಲಿ ಅದನ್ನು ಬರೆದುಕೊಟ್ಟರೆ ನಮಗೆ ಬರುವ ಹೊಣೆ ಎಷ್ಟು ಎಂದು ಬರೆಯಿರಿ. ಮೂರನೆಯ ಅಂಕಣ ತುಂಬಲಾಗದಿದ್ದರೆ ಆ ಮಾತನ್ನು ಬಳಸದಿರುವುದು ಕ್ಷೇಮ; ದಿನಾಂಕ, ಪ್ರಮಾಣ, ಮೊತ್ತ ಮೂರನ್ನೂ ಅಂಕಿಯಲ್ಲಿ ಬರೆದ ಸರಳ ವಾಕ್ಯ ಸಾಕು. ಗ್ರಾಹಕರ ಫೋನಿನ ಮಾತು ಅರ್ಥವಾಗದಿದ್ದಲ್ಲಿ ‘ನಾನು ಹೀಗೆ ತಿಳಿದುಕೊಂಡಿದ್ದೇನೆ, ಸರಿಯೇ?’ ಎಂದು ಬರೆದು ಕೇಳುವುದರಲ್ಲಿ ಸಂಕೋಚ ಬೇಡ. ಅರಿಯದ್ದನ್ನು ಅರಿತಂತೆ ತಲೆಯಾಡಿಸುವುದೇ ದುಬಾರಿ.

ಸಂಸ್ಥೆಯ ಕಡೆಯಿಂದಲೂ ಒಂದು ಕೆಲಸವಾಗಬೇಕು. ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತರಿಗೂ, ಅಂಗಡಿ ಕಾರ್ಖಾನೆಗಳ ಹೊಣೆ ಹೊರುತ್ತಿರುವ ಮುಂದಿನ ಪೀಳಿಗೆಗೂ ವರ್ಷಕ್ಕೆ ಎರಡು ಬಾರಿ ಅರ್ಧ ದಿನದ ಕಾರ್ಯಾಗಾರವನ್ನು ಏರ್ಪಡಿಸಿ, ಸದಸ್ಯರ ಪತ್ರಗಳಿಂದಲೇ ಹೆಸರು ಮರೆಮಾಡಿ ಆಯ್ದ ಉದಾಹರಣೆಗಳನ್ನು ಚರ್ಚಿಸಬಹುದು. ಈ ಪತ್ರಿಕೆಯಲ್ಲಿ ತಿಂಗಳಿಗೆ ಎರಡೋ ಮೂರೋ ನುಡಿಗಟ್ಟುಗಳ ವಿವರಣೆಯನ್ನು ಕೊಡಬಹುದು. ದೊಡ್ಡ ಕಂಪನಿಗಳಲ್ಲಿ ಪ್ರತಿ ಪತ್ರವನ್ನೂ ಓದಿ ನೋಡುವ ಕಾನೂನು ವಿಭಾಗವಿರುತ್ತದೆ. ಸಣ್ಣ ಉದ್ಯಮಿಗೆ ಆ ಆಸರೆಯಿಲ್ಲ. ಅವನ ಪಾಲಿಗೆ ಇರುವುದು ತನ್ನದೇ ತಿಳಿವಳಿಕೆ ಮತ್ತು ನಮ್ಮ ಈ ಸಂಘಟನೆ. ಪದಾಧಿಕಾರಿಗಳು ಈ ಸಲಹೆಯನ್ನು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.