ಕಾಕಾನ ಛೋಟಾ ಹಾಥಿ ಮತ್ತು ಮೂರನೇ ಬ್ರೇಕ್

ನಮ್ಮ ರಾಜೇಶ್ವರದಲ್ಲಿ ‘ಟಾಟಾ ಏಸ್ ಇರೋ ಮನೆ ಯಾವುದು’ ಅಂತ ಕೇಳಿದರೆ ಜನ ಒಂದು ಕ್ಷಣ ಯೋಚಿಸ್ತಾರೆ. ‘ಛೋಟಾ ಹಾಥಿ’ ಅಂದ್ರೆ ಮಾತ್ರ ಸೀದಾ ನಮ್ಮ ಕಾಕಾನ ಮನೆಗೆ ಕೈ ತೋರಿಸ್ತಾರೆ. 2005ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಗಾಡಿಯದು ಎರಡೇ ಸಿಲಿಂಡರಿನ, 702 ಸಿ.ಸಿ.ಯ ಡೀಸೆಲ್ ಎಂಜಿನ್. ಶಕ್ತಿ 16 ಎಚ್‌ಪಿ. ನೀವು ವೀಕೆಂಡಿಗೆ ನಂದಿ ಬೆಟ್ಟಕ್ಕೆ ಓಡಿಸೋ ಬುಲೆಟ್‌ನದ್ದೇ ಇದಕ್ಕಿಂತ ಜಾಸ್ತಿ!

ಆದರೂ ದಿನಕ್ಕೆ ಎಷ್ಟು ಕೆಲಸ. ಬೆಳಿಗ್ಗೆ ಹುಮನಾಬಾದ್ ಸಂತೆಗೆ ತರಕಾರಿ, ಮಧ್ಯಾಹ್ನ ಬಸವಕಲ್ಯಾಣದ ಮಾರ್ಕೆಟ್ಟಿಗೆ ಸೋಯಾ ಇಲ್ಲವೇ ತೊಗರಿ, ಲಗ್ನದ ಸೀಸನ್ನಿನಲ್ಲಿ ಪೆಂಡಾಲು, ಕುರ್ಚಿ, ಸೌಂಡ್ ಬಾಕ್ಸ್. ಎಂಜಿನ್ ಇರೋದು ಸೀಟಿನ ಕೆಳಗೆ. ಬೀದರ್ ಜಿಲ್ಲೆಯ ಮೇ ತಿಂಗಳಲ್ಲಿ ಅದರ ಮೇಲೆ ಕೂತರೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಅರ್ಥವಾಗುತ್ತೆ. ಹೊರಬೇಕಾದ್ದು 750 ಕೆ.ಜಿ. ಕಾಕಾ ಕ್ವಿಂಟಲ್ ಚೀಲ ಏಳು ಹಾಕಿ ಹಗ್ಗ ಬಿಗೀತಾನೆ. ಉಳಿದವರು ಹನ್ನೆರಡು ಹಾಕ್ತಾರೆ, ಬಾಡಿಗೆನೂ ಅಷ್ಟೇ ಹೆಚ್ಚು ತಗೋತಾರೆ. ಈ ವಿಷಯಕ್ಕೆ ಕಾಕುಗೂ ಕಾಕಾಗೂ ವಾರಕ್ಕೊಮ್ಮೆ ಜಗಳ ಇದ್ದದ್ದೇ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದಾಗ ಗೆಳೆಯನ ಕಾರು ಊರು ದಾಟಿದ ಮೇಲೆ, ಬಂಗ್ಲಾ ಕಡೆಗಿನ ರಸ್ತೆಯಲ್ಲಿ ಕೆಟ್ಟು ನಿಂತಿತು. ಎಂಜಿನ್ ಸ್ಟಾರ್ಟೇ ಆಗಲ್ಲ. ಬಂಗ್ಲಾದಲ್ಲಿ ಲಾರಿ ಗ್ಯಾರೇಜುಗಳು ಸಾಲುಸಾಲು ಇವೆ, ಅಲ್ಲಿಗೆ ಎಳೆದುಕೊಂಡು ಹೋದರೆ ಆಯ್ತು ಅಂತ ಕಾಕಾಗೆ ಫೋನ್ ಮಾಡಿದೆ. ‘ಎಳೀತದಾ?’ ಅಂತ ಕೇಳಿದೆ. ಕಾಕಾ ಉತ್ತರ ಕೊಡದೆ ತಿರುಗಿ ಕೇಳಿದ: ‘ಹಿಂದ ಬ್ರೇಕ್ ಹಿಡಿಯಾವ್ರು ಯಾರು?’

ನಾನೇ ಅಂದೆ. ಲೈಸೆನ್ಸ್ ಇತ್ತು, ಧೈರ್ಯನೂ ಇತ್ತು.

ಬಂದಾಗ ಗಾಡಿಯಲ್ಲಿ ನಾಲ್ಕು ಚೀಲ ಸೋಯಾ ಇತ್ತು. ಬಾಡಿಗೆದಲ್ಲ, ಮನೇದು. ಏಸ್‌ಗೆ ಎಂಜಿನ್ನಿನ ಬಲ ಹೋಗೋದು ಹಿಂದಿನ ಗಾಲಿಗೆ. ಖಾಲಿ ಗಾಡಿಯ ಹಿಂಭಾಗ ಹಗುರ, ಎಳೆಯೋಕೆ ಹೋದರೆ ಗಾಲಿ ನಿಂತಲ್ಲೇ ತಿರುಗುತ್ತೆ. ಅದಕ್ಕೇ ಆ ಚೀಲ. ನಾನು ಸರಪಳಿ ತಂದಿದ್ದೆ, ಬ್ಯಾಡ ಅಂದ. ಸರಪಳಿಗೆ ಹಿಗ್ಗೋದು ಗೊತ್ತಿಲ್ಲ, ಪ್ರತಿ ಜಗ್ಗಿಗೂ ಹುಕ್ಕಿಗೇ ಪೆಟ್ಟು. ನೈಲಾನ್ ಹಗ್ಗ ಸ್ವಲ್ಪ ಹಿಗ್ಗಿ ಆ ಪೆಟ್ಟು ನುಂಗುತ್ತೆ. ಬಂಪರಿಗೆ ಕಟ್ಟದೆ ಕಾರಿನ ಟೋ ಹುಕ್ ಹುಡುಕಿಸಿದ. ನಡುವೆ ಒಂದು ಕೆಂಪು ಬಟ್ಟೆ ಕಟ್ಟಿದ. ಕೀ ಆನ್ ಇಟ್ಟಿರು, ಇಲ್ಲಾಂದ್ರ ಸ್ಟಿಯರಿಂಗ್ ಲಾಕ್ ಆಗ್ತದ ಅಂತ ಎರಡು ಸಲ ಹೇಳಿದ. ಫಸ್ಟ್ ಗೇರಿನಲ್ಲಿ ಹಗ್ಗದ ಸಡಿಲ ನಿಧಾನ ತಗೊಂಡು, ಸರ್ವಿಸ್ ರಸ್ತೆಯ ಎಡ ಅಂಚಿಗೆ ಹೊರಟ. ಗೆಳೆಯ ಹಿಂದೆ ಬೈಕಿನಲ್ಲಿ.

ಸ್ವಲ್ಪ ದೂರ ಹೋದಮೇಲೆ ಎಮ್ಮೆಯೊಂದು ಅಡ್ಡ ಬಂತು. ಕಾಕಾನ ಕೆಂಪು ದೀಪ ಹತ್ತಿತು, ನಾನು ಬ್ರೇಕ್ ಒತ್ತಿದೆ. ಅದಕ್ಕೆ ಮೊದಲು ಹಗ್ಗ ಬಿಗಿ ಇಡೋಕೆ ಅಂತ ಎರಡು ಸಲ ಒತ್ತಿದ್ದೆ, ಎರಡೂ ಸಲ ಮೆತ್ತಗೆ ಹಿಡಿದಿತ್ತು. ಮೂರನೇ ಸಲ ಪೆಡಲ್ ಕಲ್ಲು! ಎರಡೂ ಕಾಲಲ್ಲಿ ನಿಂತೆ, ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಏಸ್‌ನ ಹಿಂಬಾಗಿಲಿಗೆ ಒಂದು ಗೇಣು ಬಿಟ್ಟು ನಿಂತಿತು. ಕಾಕಾ ಇಳಿದು ಬಂದು ಬೈಯಲಿಲ್ಲ. ಆ ಜಾಗದಲ್ಲಿ ಕೈ ಇಟ್ಟು ಗೇಣು ಅಳೆದು ನೋಡಿದ, ‘ಈಗ ಗೊತ್ತಾತಾ’ ಅಂದ.

ಆಮೇಲೆ ಗೊತ್ತಾಯ್ತು. ಕಾರಿನ ಬ್ರೇಕಿಗೆ ಬಲ ಕೊಡೋದು ನಮ್ಮ ಕಾಲಲ್ಲ, ಎಂಜಿನ್ ಓಡುವಾಗ ತಯಾರಾಗೋ ವ್ಯಾಕ್ಯೂಮ್. ಎಂಜಿನ್ ಸತ್ತ ಮೇಲೆ ಉಳಿದಿರೋದು ಎರಡು ಮೂರು ಸಲಕ್ಕೆ ಸಾಕಾಗೋಷ್ಟು. ಆಮೇಲೆ ಬ್ರೇಕ್ ಇರುತ್ತೆ, ಆದರೆ ಒತ್ತಬೇಕಾದ ಬಲ ಹಲವು ಪಟ್ಟು. ಪವರ್ ಸ್ಟಿಯರಿಂಗೂ ಹಾಗೇ ಭಾರ. ಹಗ್ಗ ಎಳೆಯುತ್ತೆ, ತಡೆಯಲ್ಲ. ಮುಂದಿನ ಗಾಡಿ ನಿಂತಾಗ ಹಿಂದಿನ ಅಷ್ಟೂ ಭಾರ ನಿಲ್ಲಿಸೋದು ಹಿಂದೆ ಕೂತವನ ಒಂದು ಕಾಲು. 1989ರ ರಸ್ತೆ ನಿಯಮಗಳಲ್ಲೇ ಇದೆಲ್ಲ ಬರೆದಿತ್ತು: ಎರಡು ಗಾಡಿಗಳ ನಡುವೆ ಅಂತರ 5 ಮೀಟರ್ ಮೀರಬಾರದು, ಎಳೆಸಿಕೊಳ್ಳೋ ಗಾಡಿಯಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು, ವೇಗ ಗಂಟೆಗೆ 24 ಕಿ.ಮೀ. ಒಳಗೆ. ಕಾಕಾ ಅದನ್ನ ಓದಿಲ್ಲ, ಆದರೂ ಅವನ ಮುಳ್ಳು 20 ದಾಟಿರಲಿಲ್ಲ.

(ನಿಮ್ಮದು ಆಟೊಮ್ಯಾಟಿಕ್ ಇಲ್ಲವೇ ಎಲೆಕ್ಟ್ರಿಕ್ ಕಾರಾದರೆ ಈ ಹಗ್ಗದ ಸಹವಾಸವೇ ಬೇಡ. ಓಡೋ ಗಾಲಿ ನೆಲಕ್ಕೆ ತಾಗಿಸಿ ಎಳೆದರೆ ಒಳಗಿನದು ಹಾಳಾಗಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ, ಕ್ರೇನ್ ಕೇಳಿ.)

ಈ ಹುಷಾರಿಗೆ ಕಾಕಾ ಕೊಟ್ಟ ಬೆಲೆಯೂ ಉಂಟು. ಕಬ್ಬಿನ ಸೀಸನ್ನಿನಲ್ಲಿ ಒಂದು ರಾತ್ರಿ ಪಕ್ಕದ ಮನೆಯವರ ಪಿಕಪ್ಪು ಲೋಡ್ ಸಮೇತ ಇಳಿಜಾರಿನಲ್ಲಿ ಕೆಟ್ಟಿತು. ಎಳಿ ಅಂತ ಬಂದರು. ‘ಕಬ್ಬು ಇಳಸ್ರಿ, ಎಳೀತೀನಿ. ಹಂಗೇ ಆಗಂಗಿಲ್ಲ’ ಅಂದ. ರಾತ್ರಿ ಹನ್ನೊಂದಕ್ಕೆ ಕೂಲಿಯವರನ್ನ ಎಲ್ಲಿಂದ ತರೋದು? ಅವರು ಯಾರದೋ ಟ್ರ್ಯಾಕ್ಟರ್ ತಂದು ಎಳೆಸಿದರು. ಏನೂ ಆಗಲಿಲ್ಲ, ಸುರಕ್ಷಿತವಾಗಿ ಮುಟ್ಟಿದರು. ಅದೇ ಕಾಕಾಗೆ ಮುಳುವಾಯ್ತು. ‘ಹೆದರುಪುಕ್ಕಲ’ ಅನ್ನೋ ಮಾತು ಓಣಿ ತುಂಬ ಹಬ್ಬಿತು.

ಅವತ್ತಿನಿಂದ ಆ ಮನೆಯ ಒಂದು ಚೀಲವೂ ಕಾಕಾನ ಗಾಡಿ ಹತ್ತಿಲ್ಲ. ಈ ಫೆಬ್ರವರಿಯಲ್ಲಿ ಅವರ ಮಗಳ ಲಗ್ನ ಆಯ್ತು. ಪಾತ್ರೆ, ಪಲ್ಲಂಗ, ಅಲ್ಮಾರಿ ಎಲ್ಲ ಹುಮನಾಬಾದಿನಿಂದ ಬಂದ ಬೇರೆ ಗಾಡಿಯಲ್ಲಿ ಹೋಯ್ತು. ಕಾಕಾ ಲಗ್ನಕ್ಕೆ ಹೋದ, ಆಹೇರಿ ಕೊಟ್ಟ, ಉಂಡು ಬಂದ. ಅಲ್ಮಾರಿ ಅಡ್ಡ ಮಲಗಿಸಿದ್ದಾರೆ, ಕನ್ನಡಿ ಒಡೀತದ ಅಂತ ಆ ಡ್ರೈವರ್‌ಗೆ ಹೇಳಿ ನಿಲ್ಲಿಸಿಸಿದನಂತೆ. ಕಾಕು ಹೇಳಿ ನಕ್ಕಳು.