ಬೈಗುಳಕ್ಕೆ ‘ಸ್ವಭಾವ’ ಅನ್ನೋ ಹೆಸರು ಬೇಡ

ಮದ್ದೂರು, ರಾಮನಗರದ ಕಡೆಯ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಸೂಪರ್‌ವೈಸರ್ ಬಗ್ಗೆ ಕೇಳಿ ನೋಡಿ. ‘ಅವರ ಸ್ವಭಾವವೇ ಹಾಗೆ, ಏನ್ ಮಾಡೋದು?’ ಎನ್ನುವ ಮಾತು ಬಂದೇ ಬರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಮುಂಗೋಪಿಗಳು ಎಲ್ಲ ಕಡೆ ಇದ್ದಾರೆ. ನಮ್ಮ ಮನೆಗಳಲ್ಲೂ ಇದ್ದಾರೆ. ಆದರೆ ಒಂದು ವಿಷಯ ಗಮನಿಸಿ. ‘ಏಯ್, ಪೀಸ್ ಎಲ್ಲೇ?’ ಎಂದು ಟೈಲರ್ ಮುಂದೆ ಬಂಡಲ್ ಎಸೆಯುವ ಅದೇ ಮನುಷ್ಯ, ಮ್ಯಾನೇಜರ್ ಬಂದ ಕೂಡಲೇ ಕೈಕಟ್ಟಿ ‘ಸರ್’ ಅನ್ನುತ್ತಾನೆ. ಅಲ್ಲಿ ತಡೆಯಲು ಬರುವ ಕೋಪ ಇಲ್ಲಿ ಯಾಕೆ ತಡೆಯಲು ಬರುವುದಿಲ್ಲ? ಕೋಪವೂ ನೀರಿನ ಹಾಗೆ, ತಗ್ಗು ಕಂಡ ಕಡೆಗೇ ಹರಿಯುತ್ತದೆ.

ಆ ನೀರು ಬಿಡುವವರು ಮೇಲಿದ್ದಾರೆ. ಕಾಲರ್ ಹಚ್ಚಲು ಎಷ್ಟು ಹೊತ್ತು, ತೋಳು ಕೂಡಿಸಲು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ಅಳೆಯುತ್ತಾರೆ. ಗಂಟೆಗಿಷ್ಟು ಪೀಸ್ ಎಂದು ಬೋರ್ಡಿನಲ್ಲಿ ಬರೆಯುತ್ತಾರೆ. ಪೀಸ್ ಕಮ್ಮಿಯಾದರೆ ಫ್ಲೋರ್ ಇನ್‌ಚಾರ್ಜ್ ಸೂಪರ್‌ವೈಸರ್‌ನನ್ನು ಬೈಯುತ್ತಾನೆ, ಸೂಪರ್‌ವೈಸರ್ ಟೈಲರ್‌ನನ್ನು, ಟೈಲರ್ ಹೆಲ್ಪರ್‌ನನ್ನು. ಸಂಜೆ ಮನೆಯಲ್ಲಿ ಆ ಬೈಗುಳ ತಿನ್ನುವುದು ಮಗು.

ಕೆಲಸದ ಹೊರೆ ಜಾಸ್ತಿಯಿದ್ದು, ಅದರ ಮೇಲೆ ತನ್ನ ಹಿಡಿತ ಕಮ್ಮಿಯಿದ್ದರೆ ಮನುಷ್ಯ ಹೆಚ್ಚು ಕುಗ್ಗುತ್ತಾನೆ ಎಂದು ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಬರೆದರು. ಲೈನಿನಲ್ಲಿ ಕೂತವಳ ಸ್ಥಿತಿ ಅದೇ. ಶೌಚಾಲಯಕ್ಕೆ ಎದ್ದು ಹೋಗಲೂ ಅವಳು ಬೋರ್ಡ್ ನೋಡಬೇಕು.

ಒತ್ತಡಕ್ಕೆ ಯೋಗ ಮಾಡಿ ಎನ್ನುವವರಿದ್ದಾರೆ. ಯೋಗ ಒಳ್ಳೆಯದೇ. ಆದರೆ ಕತ್ತಲಲ್ಲೇ ಎದ್ದು, ಅಡುಗೆ ಮುಗಿಸಿ, ಡಬ್ಬಿ ಕಟ್ಟಿಕೊಂಡು ವ್ಯಾನ್ ಹತ್ತುವವಳಿಗೆ ಇನ್ನೂ ಸಹಿಸಿಕೋ ಎನ್ನುವುದು ಯಾವ ನ್ಯಾಯ? ಅಳತೆ ತಪ್ಪಿರುವುದು ಟಾರ್ಗೆಟ್‌ನಲ್ಲಿ, ಅವಳ ಉಸಿರಿನಲ್ಲಲ್ಲ.

ಹಾಗೆಂದು ಸೂಪರ್‌ವೈಸರ್ ಪಾಪದವನು ಎಂದು ನಾವು ಬಿಟ್ಟುಬಿಡುವುದಿಲ್ಲ. ಒತ್ತಡ ಅವನಿಗೂ ಇದೆ, ನಿಜ. ಬಾಯಿ ಅವನದೇ. ಬಾಯಿ ಜೋರಿದ್ದವನನ್ನೇ ಹುಡುಕಿ ಆ ಜಾಗದಲ್ಲಿ ಕೂರಿಸಿದರೆ ತಪ್ಪು ಕೂರಿಸಿದವರದೂ ಹೌದು.

2013ರ ಕಾನೂನಿನ ಪ್ರಕಾರ ಹತ್ತು ಜನರಿಗಿಂತ ಕಮ್ಮಿಯಿಲ್ಲದ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಒಳಸಮಿತಿ ಇರಲೇಬೇಕು. ಕೆಟ್ಟ ಮಾತಿನಲ್ಲಿ ಅಂಥದ್ದು ಬೆರೆತಿದ್ದರೆ ಮೂರು ತಿಂಗಳೊಳಗೆ ಬರೆದುಕೊಡಿ. ಬರೀ ಬೈಗುಳವನ್ನೂ ಬಿಡಬೇಕಿಲ್ಲ. ಮನಸ್ಸಿಗೆ ಹಾನಿ ಮಾಡುವ ನಡವಳಿಕೆಯೂ ಕಿರುಕುಳವೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ ಒಡಂಬಡಿಕೆ ಹೇಳುತ್ತದೆ. ತಾರೀಕು, ಗಂಟೆ, ಆಡಿದ ಮಾತು, ಜೊತೆಗಿದ್ದವರ ಹೆಸರು ಬರೆದಿಟ್ಟುಕೊಳ್ಳಿ. ಒಬ್ಬಳೇ ಹೋಗಬೇಡಿ, ಲೈನಿನವರೆಲ್ಲ ಸೇರಿ ಹೋಗಿ.

ಸೇರಿದರೆ ಏನಾಗುತ್ತದೆ ಎಂದು ಗೊತ್ತೇ ಇದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣಕ್ಕಾಗಿ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಕೇಂದ್ರ ಸರ್ಕಾರ ಹೊಸ ನಿಯಮವನ್ನು ವಾಪಸ್ ಪಡೆಯಿತು. ಸರ್ಕಾರವನ್ನೇ ಬಗ್ಗಿಸಿದವರು ಒಂದು ಬೋರ್ಡಿನ ಲೆಕ್ಕ ಪ್ರಶ್ನಿಸಲಾರರೇ?

ಮುಂದಿನ ಸಲ ‘ಸ್ವಭಾವ’ ಎಂಬ ಮಾತು ಬಾಯಿಗೆ ಬಂದಾಗ ತಡೆಯಿರಿ. ‘ಈ ಟಾರ್ಗೆಟ್ ಇಟ್ಟವರು ಯಾರು?’ ಎಂದು ಕೇಳಿ.