ಗೃಹಕೃತ್ಯ ವಿಚಾರ: ಟ್ಯಾಕೋ ಪುಡಿ

ಮನೆಯ ಮಕ್ಕಳು ಈಚೆಗೆ ಟ್ಯಾಕೋ ಎಂಬ ತಿಂಡಿಯನ್ನು ಬೇಡುತ್ತಿರುವುದರಿಂದ ಅದರ ಪುಡಿಯ ವಿಚಾರವಾಗಿ ನಾವು ಎರಡು ಮಾತು ಬರೆಯುತ್ತೇವೆ. ಮುಸುಕಿನ ಜೋಳದ ರೊಟ್ಟಿಯಲ್ಲಿ ಪಲ್ಯವನ್ನಿಟ್ಟು ಮಡಿಸುವ ಈ ತಿಂಡಿ ಮೆಕ್ಸಿಕೋ ದೇಶದ್ದು. ಪುಡಿಯಾದರೋ, 1890ರ ದಶಕದಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಗೆಭಾರ್ಟ್ ಎಂಬ ಜರ್ಮನ್ ವಲಸೆಗಾರನು ಮಾರಾಟಕ್ಕೆ ತಂದ ಖಾರದ ಪುಡಿಯ ಸಂತತಿ. ಮೆಣಸಿನಕಾಯಿ ಆ ಖಂಡದ್ದೇ; ಜೀರಿಗೆ ಮಾತ್ರ ಸ್ಪೇನಿನವರೊಡನೆ ಕಡಲು ದಾಟಿದ್ದು. ಜೀರ್ಣಶಬ್ದದ ಧಾತುವೇ ಜೀರಕದಲ್ಲಿಯೂ ಉಂಟೆಂದು ವೈಯಾಕರಣರು ಹೇಳುವರು.

ಅಂಗಡಿಯ ಪೊಟ್ಟಣಗಳಲ್ಲಿ ಬಹುಮಟ್ಟಿಗೆ ಉಪ್ಪು ಮೊದಲೇ ಸೇರಿರುತ್ತದೆ. ಹಲವದರಲ್ಲಿ ಪಿಷ್ಟವೂ ಉಂಟು. ರಕ್ತದ ಒತ್ತಡವಿರುವ ಹಿರಿಯರುಳ್ಳ ಮನೆಯಲ್ಲಿ ಇದು ಅಲ್ಪ ವಿಷಯವಲ್ಲ. ಬೆರೆತ ಉಪ್ಪನ್ನು ಯಾವ ಗೃಹಿಣಿಯೂ ಹಿಂದಕ್ಕೆ ತೆಗೆಯಲಾರಳು. ಆದಕಾರಣ ಪುಡಿಯನ್ನು ಉಪ್ಪಿಲ್ಲದೆ ಮಾಡಿಟ್ಟುಕೊಂಡು, ಉಪ್ಪನ್ನು ಬಾಣಲೆಯಲ್ಲಿ ಕಂಡು ಹಾಕತಕ್ಕದ್ದು.

ಬ್ಯಾಡಗಿ ಮೆಣಸಿನಕಾಯಿಯ ಪುಡಿ 4 ಚಮಚ (ಬಣ್ಣ ಹೆಚ್ಚು, ಖಾರ ಕಡಿಮೆ, ಇದೇ ಬೇಕಾದದ್ದು), ಜೀರಿಗೆ 2, ಒಣಗಿದ ಬೆಳ್ಳುಳ್ಳಿಯ ಪುಡಿ 1, ಒರೆಗಾನೊ ಎಲೆ 1, ಕರಿಮೆಣಸು ಅರ್ಧ. ಜೀರಿಗೆಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಹುರಿಯಬೇಕು, ಕಪ್ಪಾದರೆ ಕಹಿಯಾಗುವುದು. ಪೂರ್ಣ ಆರಿದ ಮೇಲೆ ಕುಟ್ಟಿ ಬೆರೆಸಬೇಕು. ಬಿಸಿಯಲ್ಲಿಯೇ ಮುಚ್ಚಿದರೆ ಭರಣಿ ಬೆವರಿ ಪುಡಿ ಗಂಟುಕಟ್ಟುವುದು. ಒರೆಗಾನೊ ದೊರೆಯದಿದ್ದರೆ ದೊಡ್ಡಪತ್ರೆ ಹಾಕಬಹುದೆನ್ನುವವರಿದ್ದಾರೆ. ನಮಗದು ಒಪ್ಪದು, ಬಿಟ್ಟೇಬಿಡಬಹುದು. ಅರ್ಧ ಕಿಲೋ ಬೆಂದ ರಾಜ್ಮಾ ಕಾಳಿಗೆ 3 ಚಮಚ ಪುಡಿ ಸಾಕು. ಉಳಿದುದನ್ನು ಗಾಜಿನ ಭರಣಿಯಲ್ಲಿ, ಒಲೆಯ ಶಾಖಕ್ಕೂ ಬಿಸಿಲಿಗೂ ದೂರವಾಗಿಟ್ಟು, ಎರಡು ಮೂರು ತಿಂಗಳೊಳಗೆ ಬಳಸತಕ್ಕದ್ದು.